ನೂರಕ್ಕೆ ಮೂವತ್ತೊಂದು

ಅದು 2014ನೇ ಇಸವಿ. ನನಗೆ ಆಗ ನಲವತ್ತನಾಲ್ಕು ವರ್ಷ; ಹೊಳೆನರಸೀಪುರದ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ನಾನು ಈಗ ಬರೆಯಹೊರಟಿರುವ ವ್ಯಕ್ತಿಗೆ ಆಗ ಐವತ್ತೈದು. ಅದೇ ಶಾಲೆಯ ದೈಹಿಕ ಶಿಕ್ಷಕರು, ಊರಿಗೆಲ್ಲ ಪಿ.ಟಿ. ಮೇಷ್ಟ್ರು. ಅವರ ಹೆಸರನ್ನು ನಾನು ಬರೆಯುವುದಿಲ್ಲ. ಕಾರಣವನ್ನು ಮೊದಲೇ ಹೇಳಿಬಿಡುವುದು ಕ್ರಮ.

ಕಳೆದ ತಿಂಗಳು ಅವರು ತೀರಿಕೊಂಡರು. ಅವರನ್ನು ಕೆಲಸದಿಂದ ಹೊರಹಾಕಿದ್ದ ಆಡಳಿತ ಮಂಡಳಿಯೇ ಶ್ರದ್ಧಾಂಜಲಿ ಸಭೆ ಏರ್ಪಡಿಸಿತು. ಕಾರ್ಯದರ್ಶಿಗಳು ಧ್ವನಿವರ್ಧಕದ ಮುಂದೆ ನಿಂತು, "ಇಳಿವಯಸ್ಸಿನಲ್ಲಿ ಇಂಗ್ಲಿಷ್ ಕಲಿತು ನಮಗೆಲ್ಲ ಮಾದರಿಯಾದರು. ಸಂಸ್ಥೆ ಅವರ ಬೆನ್ನಿಗೆ ನಿಂತಿತ್ತು" ಎಂದರು. ವಾರ್ಷಿಕ ಕ್ರೀಡಾಕೂಟದ ಪಾರಿತೋಷಕಕ್ಕೆ ಅವರ ಹೆಸರಿಡುವುದಾಗಿ ಘೋಷಿಸಿದರು. ಜನ ಚಪ್ಪಾಳೆ ತಟ್ಟಿದರು. ನಾನು ಕೊನೆಯ ಸಾಲಿನಲ್ಲಿ ಹಲ್ಲು ಕಚ್ಚಿಕೊಂಡು ಕುಳಿತಿದ್ದೆ. "ಸಂಸ್ಥೆ ಅವರ ಬೆನ್ನಿಗೆ ನಿಂತಿತ್ತು" ಎಂಬ ವಾಕ್ಯದಲ್ಲಿ ಕರ್ತೃಪದವೂ ಕ್ರಿಯಾಪದವೂ ಸ್ವಸ್ಥಾನದಲ್ಲಿವೆ, ಹುರುಳಿಲ್ಲ, ಅಷ್ಟೆ. ಮಂಡಳಿಯವರು ಪಾರಿತೋಷಕದ ಮೇಲೆ ಕೆತ್ತಿಸಲಿರುವ ಹೆಸರು ನನ್ನ ಬರವಣಿಗೆಯಲ್ಲಿ ಬರುವುದು ಬೇಡ. ಪಿ.ಟಿ. ಮೇಷ್ಟ್ರು ಎಂದೇ ಇರಲಿ.

ಎದ್ದು ನಿಂತು "ಸುಳ್ಳು" ಎನ್ನಬಹುದಿತ್ತು. ಎನ್ನಲಿಲ್ಲ. ಅವರನ್ನು ತೆಗೆದುಹಾಕಲು ಮಂಡಳಿಗೆ ಕೈಗೆ ಸಿಕ್ಕಿದ ಕಾಗದ ನನ್ನ ಅಕ್ಷರದಲ್ಲಿತ್ತು.

ಅವರು ಹಳ್ಳಿಮೈಸೂರಿನ ಕಡೆಯ ಒಕ್ಕಲು ಮನೆತನದವರು. ಆರಡಿ ಆಳು, ಬಿಸಿಲಿಗೆ ಕಪ್ಪಾದ ಕುತ್ತಿಗೆ, ಕೊರಳಲ್ಲಿ ಸೀಟಿ, ಕಾಲಲ್ಲಿ ಸದಾ ಬಿಳಿ ಕ್ಯಾನ್ವಾಸ್ ಬೂಟು. ಖೋ ಖೋ ಅವರ ಪ್ರಾಣ. ಅವರು ಮಾತಾಡುವ ಕನ್ನಡದಲ್ಲಿ ಹಕಾರಕ್ಕೆ ಪ್ರವೇಶವಿರಲಿಲ್ಲ. ಹಾಜರಿ ಕೂಗುವಾಗ ಹೇಮಾವತಿ ಎಂಬ ಹುಡುಗಿ ಏಮಾವತಿಯಾಗುತ್ತಿದ್ದಳು. ಶಿಕ್ಷಕರ ಕೊಠಡಿಯಲ್ಲಿ ನಾನು ಅದನ್ನು ತಿದ್ದುತ್ತಿದ್ದೆ. ಅವರು ಬೇಸರಿಸುತ್ತಿರಲಿಲ್ಲ. "ಬುಡಿ ಸಾ, ನಾನು ಎಂಗ್ ಕರುದ್ರೂ ಅವ್ಳು ಓಡ್ ಬತ್ತಾಳೆ. ನೀವು ಸರ್‍ಯಾಗ್ ಕರುದ್ರೆ ತಲೆ ಬಗ್ಗುಸ್ಕಂಡು ನಿಂತ್ಕತಾಳೆ" ಎನ್ನುತ್ತಿದ್ದರು. ಕೊಠಡಿಯಲ್ಲಿದ್ದವರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಆ ವರ್ಷ ಜೂನ್‌ನಲ್ಲಿ ಆಡಳಿತ ಮಂಡಳಿ ಶಾಲೆಯನ್ನು ಇಂಗ್ಲಿಷ್ ಮಾಧ್ಯಮಕ್ಕೆ ಬದಲಾಯಿಸಿತು. ಸುತ್ತೋಲೆ ಬಂತು: ಶಾಲೆಯ ಆವರಣದಲ್ಲಿ ಪ್ರತಿಯೊಬ್ಬ ಶಿಕ್ಷಕರೂ ಇಂಗ್ಲಿಷಿನಲ್ಲೇ ಮಾತಾಡಬೇಕು, ವರ್ಷಾಂತ್ಯದಲ್ಲಿ ಪದಸಂಪತ್ತಿನ ಪರೀಕ್ಷೆ ನಡೆಯುತ್ತದೆ, ಪಾಸಾಗದವರ ಸೇವೆಯನ್ನು ಮುಂದುವರಿಸುವುದಿಲ್ಲ. ಬೋಧಿಸುವವನೂ ಪರೀಕ್ಷಿಸುವವನೂ ನಾನೇ. ಉಳಿದವರೆಲ್ಲ ಬಿ.ಎಡ್. ಮಾಡಿದವರು, ಹೇಗೋ ದಾಟುವವರು. ದಾಟುವುದು ಕಷ್ಟವಿದ್ದದ್ದು ಒಬ್ಬರಿಗೆ ಮಾತ್ರ. ನಿವೃತ್ತಿಗೆ ಐದು ವರ್ಷ ಬಾಕಿ ಇದ್ದ ಆ ಮನುಷ್ಯನಿಗೆ ಮೈದಾನವನ್ನು ಬಿಟ್ಟರೆ ಬೇರೆ ಲೋಕವಿರಲಿಲ್ಲ.

ನಾನು ಆ ತಿಂಗಳ ರಾತ್ರಿಗಳನ್ನೆಲ್ಲ ಕುಳಿತು ಪಟ್ಟಿ ತಯಾರಿಸಿದೆ. ಎರಡು ಸಾವಿರ ಪದ, ಅಕಾರಾದಿಯಾಗಿ. ಒಂದೊಂದರ ಮುಂದೆ ಅರ್ಥ, ವಿರುದ್ಧಪದ, ನಾಮರೂಪ, ಕ್ರಿಯಾರೂಪ. ಗೆರೆಗಳನ್ನು ಅಡಿಕೋಲಿನಿಂದ ಎಳೆದಿದ್ದೆ. ದಿನಕ್ಕೆ ಹತ್ತು ಪದ. ಐದೈದು ಸಲ ಬರೆಯುವುದು, ಮರುದಿನ ಒಪ್ಪಿಸುವುದು. ಇಪ್ಪತ್ತು ವರ್ಷ ಮಕ್ಕಳಿಗೆ ಹಾಗೆಯೇ ಕಲಿಸಿದ್ದೆ. ಅವರಲ್ಲಿ ಎಷ್ಟು ಮಂದಿ ಇಂಗ್ಲಿಷಿನಲ್ಲಿ ಒಂದು ಲೋಟ ನೀರು ಕೇಳಬಲ್ಲವರಾದರು ಎಂದು ನಾನು ಒಮ್ಮೆಯೂ ವಿಚಾರಿಸಿರಲಿಲ್ಲ.

ಸಂಜೆಯ ತರಗತಿಯ ಮೊದಲ ದಿನ ಪಿ.ಟಿ. ಮೇಷ್ಟ್ರು ಪಟ್ಟಿಯನ್ನು ಮಗುಚಿ ಮಗುಚಿ ನೋಡಿದರು.

"ಇದು ಓಟರ್ ಲಿಸ್ಟ್ ಇದ್ದಂಗ್ ಅದೆ ಸಾ."

"ಅಂದರೆ?"

"ಎಸ್ರು ಗೊತ್ತಾಯ್ತದೆ, ಅಪ್ಪನ್ ಎಸ್ರು ಗೊತ್ತಾಯ್ತದೆ, ಮನೆ ನಂಬರ್ ಗೊತ್ತಾಯ್ತದೆ. ಮನ್ಸ ಎಂಥೋನು ಅಂತ ಗೊತ್ತಾಗಕಿಲ್ಲ. ಎ ಇಂದ ಸುರು ಮಾಡುದ್ರೆ ಝಡ್ ಬರೋವತ್ಗೆ ಎ ಮರ್ತೋಗಿರ್ತದೆ."

"ಕಂಠಪಾಠ ಮಾಡಿದರೆ ಮರೆಯುವುದಿಲ್ಲ" ಎಂದೆ, ಕಟುವಾಗಿಯೇ.

"ಅಂಗಂತೀರಾ? ಆಯ್ತು, ನೋಡವ" ಎಂದು ಪಟ್ಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ನೋಡಲಿಲ್ಲ. ಬದಲಿಗೆ ಬೇರೆ ದಾರಿ ಹಿಡಿದರು. ಆ ದಾರಿ ಯಾವುದೆಂದು ನನಗೆ ತಿಳಿಯುವ ಹೊತ್ತಿಗೆ ಮೂರು ತಿಂಗಳು ಕಳೆದಿತ್ತು.

ನಮ್ಮ ಕಡೆ ನಾಟಿಯ ಕಾಲದಲ್ಲಿ ಮುಯ್ಯಾಳು ಎಂಬ ಪದ್ಧತಿಯಿದೆ. ಇವತ್ತು ನಿಮ್ಮ ಮನೆಯ ಆಳು ನನ್ನ ಗದ್ದೆಗೆ ಬಂದು ಪೈರು ನೆಟ್ಟರೆ, ನಾಳೆ ನಾನು ನಿಮ್ಮ ಗದ್ದೆಗೆ ಬಂದು ನೆಡಬೇಕು. ಕೂಲಿಯ ಮಾತಿಲ್ಲ, ಮುಯ್ಯಿ ತೀರಿಸದವನನ್ನು ಮುಂದಿನ ಸಾರಿ ಯಾರೂ ಕರೆಯುವುದಿಲ್ಲ. ಪಿ.ಟಿ. ಮೇಷ್ಟ್ರು ಇಂಗ್ಲಿಷ್ ಪದಗಳನ್ನು ಈ ಮುಯ್ಯಿಯ ಮೇಲೆ ತರುತ್ತಿದ್ದರು. ಒಂದು ಪದವನ್ನು ಪುಸ್ತಕದಿಂದ ತೆಗೆದುಕೊಳ್ಳುವಂತಿಲ್ಲ. ಅದನ್ನು ದಿನವೂ ಬಳಸುವ ಮನುಷ್ಯನ ಬಾಯಿಂದಲೇ ಪಡೆಯಬೇಕು. ಪಡೆದ ಪದವನ್ನು ವಾರದೊಳಗೆ ಅದೇ ಮನುಷ್ಯನ ಮುಂದೆ, ಅದು ನಿಜವಾಗಿ ಬೇಕಾದ ಸಂದರ್ಭದಲ್ಲಿ, ಆಡಿ ತೋರಿಸಬೇಕು. ಆತ ತಡವರಿಸದೆ ಉತ್ತರ ಕೊಟ್ಟರೆ ಪದ ತಮ್ಮದಾಯಿತು. ಕೊಟ್ಟವನಿಗೆ ಬದಲಿಗೆ ತಮ್ಮದೊಂದು ಕನ್ನಡ ಪದವನ್ನು ಕೊಟ್ಟು ಬರಬೇಕು. ವಾರಕ್ಕೆ ಮೂರಕ್ಕಿಂತ ಹೆಚ್ಚು ತರುತ್ತಿರಲಿಲ್ಲ. ಏಕೆಂದು ಕೇಳಿದ್ದಕ್ಕೆ, "ವೊಟ್ಟೆ ಬಿರಿಯಂಗ್ ಉಂಡ್ರೆ ಓಡಕ್ಕಾಯ್ತದಾ ಸಾ?" ಎಂದರು.

ತಾಲ್ಲೂಕು ಆಸ್ಪತ್ರೆಯಲ್ಲಿ ಕೇರಳದಿಂದ ಬಂದ ದಾದಿಯೊಬ್ಬರಿದ್ದರು. ಕಾಲು ಉಳುಕಿದ ಮಕ್ಕಳನ್ನು ಪಿ.ಟಿ. ಮೇಷ್ಟ್ರು ಅಲ್ಲಿಗೇ ಒಯ್ಯುತ್ತಿದ್ದರು. ಆಕೆಗೆ ರೋಗಿಗಳು ಹೇಳುವ ನೋವಿನ ಬಗೆ ಅರ್ಥವಾಗುತ್ತಿರಲಿಲ್ಲ. ಎಲ್ಲವೂ ಆಕೆಗೆ ಬರಿಯ "ನೋವು". ಇವರು ಆಕೆಗೆ ಚಳುಕು, ಸೆಳೆತ, ಜೋಮು ಹಿಡಿಯುವುದು ಎಂಬ ಪದಗಳನ್ನು ಮೈಮೇಲೆ ಕೈಯಿಟ್ಟು ತೋರಿಸಿ ಕೊಟ್ಟರು. ಆಕೆ ಇವರಿಗೆ ಉಳುಕಿಗೆ ಸ್ಪ್ರೇನ್, ಊತಕ್ಕೆ ಸ್ವೆಲಿಂಗ್, ಜೋಮಿಗೆ ನಂಬ್, ಮಿಡಿಯುವ ನೋವಿಗೆ ಥ್ರಾಬ್ ಕೊಟ್ಟರು. ಒಂದು ದಿನ ನಾನೂ ಜೊತೆಯಲ್ಲಿದ್ದೆ. ದಾದಿ ಒಬ್ಬ ಮುದುಕಿಯನ್ನು, "ಅಜ್ಜೀ, ಚಳುಕಾ, ಸೆಳೆತಾನಾ?" ಎಂದು ಕೇಳಿದರು. ಮುದುಕಿ ಎದ್ದು ಕುಳಿತು, "ಚಳುಕು ಕಣವ್ವಾ! ಇಸ್ಟ್ ದಿನಕ್ ಒಬ್ಳು ಕೇಳುದ್ಲು ನೋಡು" ಎಂದಳು. ಪಿ.ಟಿ. ಮೇಷ್ಟ್ರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಆ ಹುಬ್ಬಿನಲ್ಲಿ ನನಗೊಂದು ಪಾಠವಿತ್ತು. ನಾನು ಗಡಿಯಾರ ನೋಡಿಕೊಂಡೆ.

ಅರಕಲಗೂಡಿನ ಕಡೆ ಅವರ ತಂಗಿಯನ್ನು ಕೊಟ್ಟಿದ್ದರು. ಆ ಮನೆಯವರಿಗೆ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಮನೆ, ಅಂದರೆ ಬ್ಯಾರನ್, ಇತ್ತು. ಸೊಪ್ಪಿನ ದರ್ಜೆ ನೋಡಲು ಬರುತ್ತಿದ್ದ ಹೊರಗಿನ ಅಧಿಕಾರಿಯಿಂದ ಬ್ರಿಟಲ್, ಸಪಲ್ ಎಂಬ ಎರಡು ಪದ ತಂದರು. ಹೆಚ್ಚು ಒಣಗಿ ಮುಟ್ಟಿದರೆ ಪುಡಿಯಾಗುವ ಎಲೆ ಬ್ರಿಟಲ್. ಹದವಾಗಿ ಬಳುಕುವ ಎಲೆ ಸಪಲ್. ಮರುವಾರ ಮೈದಾನದಲ್ಲಿ ಹುಡುಗಿಯರಿಗೆ, "ಲೇ, ಬೆನ್ನು ಬ್ರಿಟಲ್ ಆಗ್ಬಾರ್ದು ಕಣ್ರೇ, ಸಪಲ್ ಆಗಿರ್ಬೇಕು! ಕೂತ್ಕಳೋದಲ್ಲ ಅದು, ಕ್ರೌಚ್! ಬೆಕ್ಕು ಇಲಿ ಮೇಲೆ ಕಣ್ಣಿಟ್ಟಂಗೆ, ಕ್ರೌಚ್!" ಎಂದು ಕೂಗುವುದು ನನ್ನ ತರಗತಿಯ ಕಿಟಕಿಗೆ ಕೇಳಿಸುತ್ತಿತ್ತು. ಒಳಗೆ ನನ್ನ ಮಕ್ಕಳು "ಅಬ್ಯಾಂಡನ್, ಅಬ್ಯಾಂಡನ್" ಎಂದು ಐದನೆಯ ಸಲ ಬರೆಯುತ್ತಿದ್ದರು. ನಾನು ಎದ್ದು ಕಿಟಕಿ ಮುಚ್ಚಿಸಿದೆ.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನನ್ನಲ್ಲಿಗೆ ಬಂದು ಲಿಂಪ್ ಮತ್ತು ಹಾಬಲ್ ಪದಗಳಿಗೆ ಏನು ವ್ಯತ್ಯಾಸವೆಂದು ಕೇಳಿದಳು. ನಿಘಂಟು ನೋಡು ಎಂದೆ. ಎರಡಕ್ಕೂ "ಕುಂಟು" ಎಂದೇ ಇದೆ ಎಂದಳು. ಹಾಗಿದ್ದರೆ ಎರಡೂ ಒಂದೇ ಎಂದೆ. ಅಲ್ಲೇ ನಿಂತಿದ್ದ ಪಿ.ಟಿ. ಮೇಷ್ಟ್ರು ಮೊದಲು ಒಂದು ಕಾಲು ಎಳೆದುಕೊಂಡು ಕಂಬದವರೆಗೆ ನಡೆದರು. ತಿರುಗಿ ಬರುವಾಗ ಎರಡು ಕಾಲನ್ನೂ ಹತ್ತಿರ ಹತ್ತಿರ ಇಟ್ಟು ತಡವರಿಸುತ್ತ ಬಂದರು. "ಒಂದ್ ಕಾಲು ಊನ ಆದ್ರೆ ಲಿಂಪು. ದನ ದೂರ ಓಗ್ಬಾರ್ದು ಅಂತ ಮುಂಗಾಲ್ಗೆ ಅಗ್ಗ ಕಟ್ತೀವಲ್ಲ, ಆಗ ಅದು ನಡೀತದಲ್ಲ, ಅದು ಆಬಲ್ಲು. ಎಲ್ಡೂ ಒಂದೆ ಅಂದ್ಬುಟ್ರೆ ದನುಕ್ಕೆ ಅಪಮಾನ ಆಯ್ತದೆ, ಸಾ." ಹುಡುಗಿ ಕಿಸಕ್ಕನೆ ನಕ್ಕು ಓಡಿದಳು. ಆಮೇಲೆ ನಾನು ದೊಡ್ಡ ನಿಘಂಟನ್ನು ತೆಗೆದು ನೋಡಿದೆ. ದನದ ಕಾಲಿಗೆ ಹಗ್ಗ ಕಟ್ಟುವ ಅರ್ಥವೂ ಅದರಲ್ಲಿತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ಅವರ ಪುಸ್ತಕವೊಂದಿತ್ತು, ಇನ್ನೂರು ಪುಟದ ಉದ್ದನೆಯದು. ಪುಟಕ್ಕೊಬ್ಬ ಮನುಷ್ಯ. "ಸಿಸ್ಟರು", "ಟೈರ್ ಅಂಗಡಿ", "ಬ್ಯಾರನ್ ಆಫೀಸರು" ಎಂಬ ತಲೆಬರಹ. ಕೆಳಗೆ ಅವರಿಂದ ಪಡೆದ ಪದಗಳು, ಕನ್ನಡ ಲಿಪಿಯಲ್ಲಿ. ನನ್ನ ಪುಟ ಇದೆಯೇ ಎಂದು ಕೇಳಿದೆ. ಇತ್ತು. ಅದರಲ್ಲಿ ಒಂದೇ ಪದ.

"ಸೈಲೆನ್ಸ್" ಎಂದು ಓದಿದರು. "ಇದೊಂದೆ ಸಾ, ನೀವು ಮನ್ಸುಪೂರ್ವಕ ಆಡೋದು. ಉಳ್ದದ್ದೆಲ್ಲ ಬೋರ್ಡ್ ಮೇಲೆ ಬರ್‍ದು ಒರೆಸ್ಬುಡ್ತೀರಿ."

ಅವಮಾನವಾಯಿತು. ಸಿಟ್ಟನ್ನು ಆಗ ಅವರ ಮೇಲೆ ತೋರಿಸಿದೆ. ಅದು ಯಾರ ಮೇಲೆ ಇರಬೇಕಾಗಿತ್ತೆಂದು ಈಗ ಗೊತ್ತಿದೆ.

ನವೆಂಬರಿನಲ್ಲಿ ಚನ್ನರಾಯಪಟ್ಟಣದಲ್ಲಿ ಖೋ ಖೋ ಪಂದ್ಯ. ನಾನು ತಂಡದ ಜೊತೆಗೆ ಹೋಗಿದ್ದೆ. ಆಟದ ನಡುವೆ ನಮ್ಮ ಹುಡುಗಿಯೊಬ್ಬಳು ಬಿದ್ದು ಏಳಲಾರದೆ ಕುಳಿತಳು. ತೀರ್ಪು ನೀಡುವ ವೀಕ್ಷಕರಾಗಿ ಬಂದಿದ್ದ ಅಧಿಕಾರಿ ಹೊರರಾಜ್ಯದವರು, ಕನ್ನಡ ಬಾರದು. ಹುಡುಗಿ ಹೊತ್ತು ಕಳೆಯಲು ನಟಿಸುತ್ತಿದ್ದಾಳೆಂದು ಅವರಿಗೆ ಅನುಮಾನ. ತಂಡವನ್ನೇ ಅನರ್ಹಗೊಳಿಸುವ ಮಾತಾಡಿದರು. ನಾನು ಇಂಗ್ಲಿಷ್ ಮೇಷ್ಟ್ರು, ಅವರ ಪಕ್ಕದಲ್ಲೇ ನಿಂತಿದ್ದೆ. ನನ್ನ ಮನಸ್ಸಿನಲ್ಲಿ ಒಂದು ವಾಕ್ಯ ಸಿದ್ಧವಾಗುತ್ತಿತ್ತು. ಕರ್ಮಣಿ ಪ್ರಯೋಗವೋ ಕರ್ತರಿಯೋ ಎಂದು ತೂಗುತ್ತಿದ್ದೆ. ಅಷ್ಟರಲ್ಲಿ ಪಿ.ಟಿ. ಮೇಷ್ಟ್ರು ಅಂಗಳಕ್ಕೆ ನುಗ್ಗಿ ಹುಡುಗಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, "ಸಾರ್, ಲುಕ್. ಸ್ವೆಲಿಂಗ್. ನೋ ಆ್ಯಕ್ಟಿಂಗ್. ಯು ಪ್ರೆಸ್ ಹಿಯರ್, ಇಟ್ ವಿಲ್ ಥ್ರಾಬ್" ಎಂದರು. ವೀಕ್ಷಕರು ಬಗ್ಗಿ ಒತ್ತಿದರು, ಹುಡುಗಿ ಚೀರಿದಳು. ಬದಲಿ ಆಟಗಾರ್ತಿಗೆ ಒಪ್ಪಿಗೆ ಸಿಕ್ಕಿತು. ನಮ್ಮವರು ಗೆದ್ದರು. ಹಿಂತಿರುಗುವ ಬಸ್ಸಿನಲ್ಲಿ ನಾನು ಅವರಿಗೆ ಹೇಳಿದ ಏಕೈಕ ಮಾತೆಂದರೆ, "ಅಲ್ಲಿ ಕ್ರಿಯಾಪದ ಬಿಟ್ಟುಹೋಯಿತು" ಎಂಬುದು.

"ಓಗ್ಲಿ ಬುಡಿ ಸಾ, ಮಗು ಉಳ್ಕತಲ್ಲ" ಎಂದರು.

ಇದೆಲ್ಲ ಕಣ್ಣಿನೆದುರೇ ನಡೆದಿತ್ತು. ಆದರೂ ಫೆಬ್ರವರಿಯ ಪರೀಕ್ಷೆಗೆ ನಾನು ನನ್ನ ಪಟ್ಟಿಯಿಂದಲೇ ನೂರು ಪದ ಆರಿಸಿದೆ. ನಿಯಮ ನನ್ನದೇ: ಅರ್ಥವನ್ನು ಇನ್ನೊಂದು ಪದದಲ್ಲಿ ಹೇಳಬೇಕು, ಅಭಿನಯಿಸುವಂತಿಲ್ಲ, ವಸ್ತುವನ್ನು ತೋರಿಸುವಂತಿಲ್ಲ. ಅದಕ್ಕೆ ಎರಡು ದಿನ ಮೊದಲು ಕಾರ್ಯದರ್ಶಿಗಳು ನನ್ನನ್ನು ಕರೆಸಿದ್ದರು.

"ಏನ್ ಮೇಷ್ಟ್ರೇ, ನಮ್ ಪಿ.ಟಿ. ಎಲ್ಲೀವರ್‍ಗೆ ಬಂದ?"

"ಕಲಿಯುತ್ತಿದ್ದಾರೆ. ಕ್ರಮವಿಲ್ಲ."

"ಕ್ರಮ ಇಲ್ಲ ಅಲ್ವಾ? ಅದನ್ನೇ ನೀಟಾಗಿ ಬರ್‍ದ್ ಕೊಡಿ. ನಿಮ್ಮಂಥ ಸ್ಟ್ರಿಕ್ಟ್ ಮನುಷ್ಯ ಬರುದ್ರೆ ಯಾರೂ ಕೆಮ್ಮಂಗಿಲ್ಲ."

ನನ್ನ ಕಟ್ಟುನಿಟ್ಟಿಗೆ ಸಿಕ್ಕಿದ ಹೊಗಳಿಕೆಯೆಂದು ಉಬ್ಬಿದೆ. ಮೈದಾನದಲ್ಲಿ ಹೊಸ ಕಟ್ಟಡ ಎಬ್ಬಿಸುವ ನಕ್ಷೆ ಆಗಲೇ ಅವರ ಮೇಜಿನ ಕೆಳಗಿತ್ತು. ಅದಕ್ಕೆ ಅಡ್ಡ ನಿಂತಿದ್ದವರು ಪಿ.ಟಿ. ಮೇಷ್ಟ್ರು ಒಬ್ಬರೇ. ಇದು ನನಗೆ ಗೊತ್ತಾದದ್ದು ತಡವಾಗಿ. ಗೊತ್ತಿದ್ದಿದ್ದರೆ ಬೇರೆ ಅಂಕ ಕೊಡುತ್ತಿದ್ದೆನೇ? ಇಲ್ಲ. ಅಂಕ ಅಂಕವೇ ಎನ್ನುತ್ತಿದ್ದೆ. ನನ್ನ ಮೇಲೆ ನನಗಿರುವ ಕೋಪಕ್ಕೆ ಇದೇ ಕಾರಣ.

ಪರೀಕ್ಷೆಯ ದಿನ ಅವರು ಬೂಟಿಗೆ ಬಿಳಿ ಬಳಿದುಕೊಂಡು ಬಂದಿದ್ದರು. ಕುರ್ಚಿಯ ತುದಿಯಲ್ಲಿ ಕುಳಿತರು.

"ಅಬ್ಡಿಕೇಟ್?" ಎಂದೆ.

"ಇದುನ್ನ ನಂಗೆ ಯಾರೂ ಕೊಟ್ಟಿಲ್ಲ, ಸಾ."

"ಅಬ್ಸ್ಟೇನ್?"

"ಕೊಟ್ಟಿಲ್ಲ, ಸಾ."

"ಬ್ರಿಟಲ್?"

ಮುಖ ಅರಳಿತು. "ಒಣಗೋಗಿರೊ ಒಗೆಸೊಪ್ಪು! ಮುಟ್ಟುದ್ರೆ ಪುಡಿ!"

"ಅದು ಉದಾಹರಣೆ. ಅರ್ಥವಲ್ಲ" ಎಂದು ಸೊನ್ನೆ ಬರೆದೆ.

"ಸ್ಟ್ಯಾಗರ್?"

ಎದ್ದರು. ಕೊಠಡಿಯ ಈ ಗೋಡೆಯಿಂದ ಆ ಗೋಡೆಯವರೆಗೆ, ಜ್ವರದಿಂದ ಎದ್ದ ಮನುಷ್ಯನ ಹಾಗೆ, ಕಾಲು ತಪ್ಪುತ್ತ, ಕೈ ಚಾಚಿ ಗಾಳಿಯನ್ನು ಹಿಡಿಯುತ್ತ ನಡೆದರು. ಆ ಪದವನ್ನು ಯಾವ ನಿಘಂಟೂ ಅಷ್ಟು ನಿಖರವಾಗಿ ವಿವರಿಸಿಲ್ಲ. ನಾನು ಕೆಂಪು ಶಾಯಿಯಲ್ಲಿ "ಅರ್ಥ ಹೇಳಿಲ್ಲ" ಎಂದು ಬರೆದೆ. ಆ ರೀತಿ ಸೊನ್ನೆ ಪಡೆದ ಪದಗಳು ಒಂಬತ್ತು. ಕೊನೆಯಲ್ಲಿ ಕೂಡಿದೆ: ನೂರಕ್ಕೆ ಮೂವತ್ತೊಂದು. ಪಾಸಾಗಲು ಮೂವತ್ತೈದು ಬೇಕಿತ್ತು. ಸಹಿ ಹಾಕಿ, ಕೆಳಗೆ ಗೆರೆಯೆಳೆದು, ಕಾರ್ಯದರ್ಶಿಗಳಿಗೆ ಕಳಿಸಿದೆ.

2015ರ ಜೂನ್‌ನಲ್ಲಿ ಅವರ ಕೈಗೆ ಇಂಗ್ಲಿಷಿನಲ್ಲಿ ಎರಡು ಸಾಲಿನ ಪತ್ರ ಕೊಟ್ಟರು. ಅದರಲ್ಲಿ, ಸೇವೆಯಿಂದ ಬಿಡಿಸಲಾಗಿದೆ ಎಂಬ ಅರ್ಥದಲ್ಲಿ, "ರಿಲೀವ್ಡ್" ಎಂಬ ಪದವಿತ್ತು. ಅವರು ಅದನ್ನು ಬೆರಳಿನಿಂದ ಮುಟ್ಟಿ, "ಇದುನ್ನ ಸಿಸ್ಟರು ಕೊಟ್ಟಿದ್ರು ಸಾ. ನೋವು ಕಮ್ಮಿ ಆದಾಗ ಏಳೋದು ಅಂದಿದ್ರು" ಎಂದರು. ಸೀಟಿಯನ್ನು ಕೊರಳಿಂದ ತೆಗೆದು ನನ್ನ ಮೇಜಿನ ಮೇಲಿಟ್ಟು ಹೋದರು. ಮೂರು ತಿಂಗಳ ನಂತರ ಮೈದಾನದಲ್ಲಿ ಪಾಯ ತೋಡಿದರು.

ಈಗ ನಾನು ಹಾಸನದಲ್ಲಿದ್ದೇನೆ. ಬೀದಿಬೀದಿಯ ಕಂಬಗಳಿಗೆ "ಮೂವತ್ತು ದಿನದಲ್ಲಿ ಸಾವಿರ ಪದ" ಎಂಬ ಚೀಟಿ ಅಂಟಿಸಿರುತ್ತಾರೆ. ಅದನ್ನು ಕಂಡರೆ ನನ್ನ ಮೈ ಉರಿಯುತ್ತದೆ. ಯಾರಿಗೆ ಹೇಳಲು ಸಾವಿರ ಪದ? ಆಲೂಗಡ್ಡೆ ಮಂಡಿಯಲ್ಲಿ ಲೆಕ್ಕ ಬರೆಯುವ ತರುಣಿ, ಔಷಧಿ ಅಂಗಡಿಯ ಗುಮಾಸ್ತ, ಇಂಥವರು ಆ ಚೀಟಿಯನ್ನು ನಂಬಿ ಅಬ್ಯಾಂಡನ್ ಪದದಿಂದ ಶುರುಮಾಡಿ, ಬಿ ಅಕ್ಷರ ತಲುಪುವ ಮೊದಲೇ ತಾವು ದಡ್ಡರೆಂದು ತೀರ್ಮಾನಿಸಿ ಬಿಟ್ಟುಬಿಡುತ್ತಾರೆ. ದಡ್ಡರು ಅವರಲ್ಲ. ಪದವನ್ನು ಅದರ ಕೆಲಸದಿಂದ, ಅದನ್ನು ಆಡುವ ಬಾಯಿಂದ ಕಿತ್ತು ಅಕಾರಾದಿಯಲ್ಲಿ ಜೋಡಿಸಿ ಮಾರುವವರು ನಾವು. ಇಂಗ್ಲಿಷ್ ಕಲಿಯಲು ನನ್ನ ಬಳಿ ಬರುವ ಕೆಲವರಿಗೆ ಈಗ ನಾನು ಪಟ್ಟಿ ಕೊಡುವುದಿಲ್ಲ. ನಿಮ್ಮ ಕೆಲಸದ ಜಾಗದಲ್ಲಿ ಇಂಗ್ಲಿಷ್ ಆಡುವ ಒಬ್ಬರನ್ನು ಹುಡುಕಿ, ಅವರಿಂದ ಈ ವಾರ ಮೂರು ಪದ ತನ್ನಿ, ಅವರ ಮುಂದೆಯೇ ಆಡಿ, ಆಮೇಲೆ ಆ ಪದವನ್ನು ಬೇರೆ ಕೆಲಸಕ್ಕೆ ಹೂಡಿ ನೋಡಿ, ಹೊಗೆಸೊಪ್ಪಿನ ಪದವನ್ನು ಬೆನ್ನಿಗೆ ಹೂಡಿದ ಹಾಗೆ ಎನ್ನುತ್ತೇನೆ. ಕಲಿಯುತ್ತಾರೆ. ಪ್ರತಿಯೊಬ್ಬರು ಕಲಿತಾಗಲೂ ನನಗೆ ಸಂತೋಷದ ಜೊತೆಗೆ ಸಂಕಟವಾಗುತ್ತದೆ. ಈ ವಿದ್ಯೆಯನ್ನು ನನಗೆ ಕಲಿಸಿದವರನ್ನೇ ನಾನು ಫೇಲು ಮಾಡಿದೆ.

ಪಿ.ಟಿ. ಮೇಷ್ಟ್ರು ಸುಮ್ಮನಿರಲಿಲ್ಲ. ಮಂಡಳಿಯ ಆದೇಶದ ವಿರುದ್ಧ ಹಾಸನದ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿದರು. ಕೊರವಂಗಲದ ಕಡೆಯ ವಕೀಲೆಯೊಬ್ಬರು ಅವರ ಪರವಾಗಿ ನಿಂತರು. ಮುಂದೂಡಿಕೆಯ ಮೇಲೆ ಮುಂದೂಡಿಕೆ. ಮಂಡಳಿಯ ವಕೀಲರಿಗೆ ಒಮ್ಮೆ ಜ್ವರ, ಒಮ್ಮೆ ಮದುವೆ, ಒಮ್ಮೆ ಕಡತವೇ ಇಲ್ಲ. ಪಿ.ಟಿ. ಮೇಷ್ಟ್ರ ವಯಸ್ಸು ಏರುತ್ತಿರುವುದು ಮಂಡಳಿಗೆ ಚೆನ್ನಾಗಿ ಗೊತ್ತಿತ್ತು. ಅರವತ್ತು ತುಂಬಿದ ದಿನ ಮೊಕದ್ದಮೆ ತಾನಾಗಿಯೇ ಸಾಯುತ್ತದೆಂಬ ಎಣಿಕೆ. 2018ರ ನವೆಂಬರಿನಲ್ಲಿ ನನ್ನ ಸಾಕ್ಷ್ಯ ಬಂತು, ಮಂಡಳಿಯ ಪರವಾಗಿ.

ನ್ಯಾಯಾಲಯದ ಜಗಲಿಯಲ್ಲಿ ಅವರು ಸಿಕ್ಕಿದರು. ಸೊರಗಿದ್ದರು. ನಾನು ಮುಖ ತಪ್ಪಿಸಿದೆ. ಅವರೇ ಹತ್ತಿರ ಬಂದರು.

"ಎದುರ್ಕಬ್ಯಾಡಿ ಸಾ. ನೀವು ಸುಳ್ ಏಳಿ ಅಂತ ನಾನು ಕೇಳಾಕಿಲ್ಲ. ಮೂವತ್ತೊಂದು ಅನ್ನಾದು ದಿಟ್ವೆ."

"ನನಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ ಮೇಷ್ಟ್ರೇ."

"ಕೇಳಿದ್ದುಕ್ ಉತ್ರ ಕೊಡಿ. ಉಸ್ರು ಬುಡ್ದೆ ಓಡ್ಬ್ಯಾಡಿ, ಅಸ್ಟೆ."

ವಕೀಲೆ ಮೊದಲು ಅಂಕ ಸರಿಯೇ ಎಂದು ಕೇಳಿದರು. ಸರಿ ಎಂದೆ. ಮಂಡಳಿಯ ವಕೀಲರು ಮುಗುಳ್ನಕ್ಕರು. ಆಮೇಲೆ ಆಕೆ ನನ್ನದೇ ಪ್ರಶ್ನೆಪತ್ರಿಕೆಯ ಪ್ರತಿಯನ್ನೂ ಒಂದು ಪೆನ್ಸಿಲನ್ನೂ ನನ್ನ ಕೈಗೆ ಕೊಟ್ಟರು.

"ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಇಂಗ್ಲಿಷ್ ಕಲಿಸಿದ್ದೀರಿ. ತರಗತಿಯ ಪಾಠ ಬಿಟ್ಟು, ನೀವು ನಿಮ್ಮ ಜೀವನದಲ್ಲಿ ಯಾವುದಾದರೂ ಒಬ್ಬ ಮನುಷ್ಯನ ಜೊತೆ ಮಾತಾಡುವಾಗ ಬಳಸಿದ ಪದಗಳಿಗೆ ಗುರುತು ಹಾಕಿ, ಸರ್. ಅವಸರ ಇಲ್ಲ."

ಮಂಡಳಿಯ ವಕೀಲರು ಆಕ್ಷೇಪಿಸಿದರು. ನ್ಯಾಯಾಧೀಶರು, "ಹಾಕಲಿ, ನೋಡೋಣ" ಎಂದರು.

ಸುಳ್ಳು ಗುರುತು ಹಾಕಬಹುದಿತ್ತು, ಯಾರು ಪರೀಕ್ಷಿಸುತ್ತಿದ್ದರು? ಆದರೆ ಉತ್ತರಪತ್ರಿಕೆಯ ಮುಂದೆ ಸುಳ್ಳು ಹೇಳುವುದನ್ನು ನಾನು ಎಂದೂ ಕಲಿತಿರಲಿಲ್ಲ. ಒಂದೊಂದೇ ಪದವನ್ನು ಓದಿದೆ. ಅಬ್ಡಿಕೇಟ್: ಇಲ್ಲ. ಅಬ್ಸ್ಟೇನ್: ಇಲ್ಲ. ಬ್ರಿಟಲ್: ಇಲ್ಲ. ಸ್ಟ್ಯಾಗರ್: ನಾನು ಯಾರಿಗೂ ಹೇಳಿಲ್ಲ, ಯಾರೂ ನನಗೆ ಹೇಳಿಲ್ಲ. ನೂರನೆಯ ಪದದವರೆಗೆ ಬರಲು ಬಹಳ ಹೊತ್ತು ಹಿಡಿಯಿತು. ಪೆನ್ಸಿಲಿನ ಗುರುತುಗಳನ್ನು ಎಣಿಸಿ, ಮತ್ತೊಮ್ಮೆ ಎಣಿಸಿದೆ.

"ಎಷ್ಟು?" ಎಂದರು ನ್ಯಾಯಾಧೀಶರು.

"ಹತ್ತೊಂಬತ್ತು" ಎಂದೆ.

ವಕೀಲೆ ಇನ್ನೊಂದೇ ಪ್ರಶ್ನೆ ಕೇಳಿದರು. "ಅವರು ಅಭಿನಯಿಸಿ ಅಥವಾ ವಸ್ತು ಹೇಳಿ ಸರಿಯಾಗಿ ಉತ್ತರಿಸಿದರೂ ನೀವು ಅಂಕ ಕೊಡದ ಪದಗಳಿದ್ದವೇ?"

"ಇದ್ದವು. ಒಂಬತ್ತು. ಅವುಗಳನ್ನು ಸೇರಿಸಿದರೆ ಅವರು ಪಾಸು. ಆ ನಿಯಮ ಮಂಡಳಿಯದಲ್ಲ, ನನ್ನದು. ತಪ್ಪೂ ನನ್ನದು."

ಹೊರಗೆ ಬಂದಾಗ ಕಾರ್ಯದರ್ಶಿಗಳು ಮೆಟ್ಟಿಲ ಬಳಿ ಕಾಯುತ್ತಿದ್ದರು. "ಉಂಡ ಮನೆ ಗಳ ಎಣಿಸೋನು ಅಂದ್ರೆ ನೀನೇ ಕಣಯ್ಯ" ಎಂದರು. ಅದೇ ವಾರ ನಾನು ರಾಜೀನಾಮೆ ಬರೆದುಕೊಟ್ಟೆ. ಅದನ್ನು ತ್ಯಾಗವೆಂದು ಯಾರಾದರೂ ಕರೆದರೆ ನಾನು ಒಪ್ಪುವುದಿಲ್ಲ. ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸಿ ಕೇಳುವವರೆಗೆ ನಾನು ಬಾಯಿ ಬಿಟ್ಟಿರಲಿಲ್ಲ. ಮೂರೂವರೆ ವರ್ಷ ಆ ಮನುಷ್ಯ ಮನೆಯಲ್ಲಿ ಕುಳಿತಿದ್ದರು, ನಾನು ಸಂಬಳ ಎಣಿಸುತ್ತಿದ್ದೆ.

ಆದೇಶ ಬರಲು ಇನ್ನೂ ನಾಲ್ಕು ತಿಂಗಳು ಹಿಡಿಯಿತು. ಸೇವೆಯಿಂದ ತೆಗೆದದ್ದು ಅಕ್ರಮ. ಅದೇ ಹುದ್ದೆಗೆ ಮತ್ತೆ ಸೇರಿಸಿಕೊಳ್ಳಬೇಕು. ಮಂಡಳಿಯವರು ಮೇಲಿನ ನ್ಯಾಯಾಲಯಕ್ಕೆ ಹೋಗಲಿಲ್ಲ. ಹೋಗುವ ಅಗತ್ಯವಿರಲಿಲ್ಲ, ಮಾರ್ಚ್ ಮೂವತ್ತೊಂದಕ್ಕೆ ಮೇಷ್ಟ್ರಿಗೆ ಅರವತ್ತು ತುಂಬುತ್ತಿತ್ತು. ಮೈದಾನವಿದ್ದ ಕಡೆ ಮೂರು ಅಂತಸ್ತು ಎದ್ದು ನಿಂತಿತ್ತು. ಪರೀಕ್ಷೆಯ ಕಾಲವಾದ್ದರಿಂದ ವೇಳಾಪಟ್ಟಿಯಲ್ಲಿ ಆಟದ ಅವಧಿಯೇ ಇರಲಿಲ್ಲ.

ಆದೇಶದ ಪ್ರತಿ ಹಿಡಿದು ನ್ಯಾಯಾಲಯದ ಹೊರಗೆ ನಿಂತಿದ್ದಾಗ ನಾನು ದಿನ ಎಣಿಸಿ, "ಹದಿನೇಳೇ ದಿನ ಮೇಷ್ಟ್ರೇ. ಏನು ಮಾಡಲು ಹೋಗುತ್ತೀರಿ ಅಲ್ಲಿಗೆ?" ಎಂದು ಕೇಳಿದೆ.

"ಅದಿನೇಳು ದಿನ್ವೂ ಓಯ್ತೀನಿ ಸಾ" ಎಂದರು. "ಬಾಗ್ಲು ಮುಚ್ಚುದ್ರಲ್ಲ, ಅವ್ರೇ ನಾನು ಒಳೀಕ್ ಕಾಲಿಡೋದ್ನ ನೋಡ್ಲಿ."

ಹೋದರು. ಒಂದು ದಿನವೂ ತಪ್ಪಿಸದೆ ಹೋದರು. ಕಟ್ಟಡದ ಹಿಂದೆ ಉಳಿದಿದ್ದ ಹತ್ತಡಿ ಅಗಲದ ಓಣಿಯಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆದು, ಪರೀಕ್ಷೆ ಮುಗಿಸಿ ಹೊರಬಂದ ಹುಡುಗಿಯರನ್ನು ಅಲ್ಲಿ ಓಡಿಸಿದರು. ಶ್ರದ್ಧಾಂಜಲಿ ಸಭೆಯಲ್ಲಿ ಆ ಹದಿನೇಳು ದಿನಗಳ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ಮೊಕದ್ದಮೆ ನಡೆದಿತ್ತೆಂದೂ ಹೇಳಲಿಲ್ಲ. ಆದ್ದರಿಂದ ಇಲ್ಲಿ ದಾಖಲಿಸುತ್ತಿದ್ದೇನೆ: ಅವರು ಫೇಲಾಗಿರಲಿಲ್ಲವೆಂದು ಹಾಸನದ ನ್ಯಾಯಾಲಯ ತೀರ್ಮಾನಿಸಿದ್ದು 2019ರ ಮಾರ್ಚ್ 14, ಗುರುವಾರ.